ಅಂಚೆ ಮತದಾನ: ಅನುಕೂಲವೆಷ್ಟು, ಭದ್ರತೆಯೆಷ್ಟು?

(ಪುಣೆಯಲ್ಲಿ ನಮ್ಮ ಮಹಿಳಾ ವೇದಿಕೆಯ ಮಹಿಳಾ ದಿನಾಚರಣೆಯಂದು ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿ ಅಕ್ಕ ಫೋನ್ ಮಾಡಿ, "ನೀನು ಐಟಿಯವಳು, ಸೈಬರ್ ಸುರಕ್ಷತೆ ಬಗ್ಗೆ ಇಪ್ಪತ್ತು ನಿಮಿಷ ಮಾತಾಡು" ಅಂದರು. ಓಟಿಪಿ ಯಾರಿಗೂ ಹೇಳಬೇಡಿ ಅನ್ನುವುದನ್ನು ಬ್ಯಾಂಕಿನವರು ದಿನಕ್ಕೆ ಹತ್ತು ಸಲ ಹೇಳುತ್ತಾರೆ, ಅದನ್ನೇ ನಾನೂ ಹೇಳುವುದು ಬೇಡ ಅನ್ನಿಸಿತು. ಹೋದ ಲೋಕಸಭಾ ಚುನಾವಣೆಯ ಹೊತ್ತಿಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ಬಂದಿತ್ತು, ನಿಮಗೆ ನೆನಪಿರಬಹುದು. "ಸೈನಿಕರಿಗೆ ಅಂಚೆಯಲ್ಲಿ ವೋಟು ಹಾಕಲು ಬರುತ್ತದೆ, ವಯಸ್ಸಾದವರಿಗೆ ಮನೆಗೇ ಬಂದು ಹಾಕಿಸಿಕೊಳ್ಳುತ್ತಾರೆ, ಊರು ಬಿಟ್ಟು ಬಂದ ನಮಗೆ ಮಾತ್ರ ಯಾಕಿಲ್ಲ?" ಅದಕ್ಕೆ ಐವತ್ತು ಮೆಸೇಜು ಬಂದವು, ಉತ್ತರ ಮಾತ್ರ ಬರಲಿಲ್ಲ. ಇವತ್ತು ಆ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರ ಹೇಳುತ್ತೇನೆ. ಯಾವ ಪಕ್ಷದ ಮಾತೂ ಇಲ್ಲ, ಹೆದರಬೇಡಿ.

ಮೊದಲು ಕೈ ಎತ್ತಿ ನೋಡೋಣ. ಮತದಾರರ ಪಟ್ಟಿಯಲ್ಲಿ ಹೆಸರು ಇನ್ನೂ ಊರಲ್ಲೇ ಇರುವವರು ಎಷ್ಟು ಜನ? ನೋಡಿ, ಅರ್ಧ ಸಭೆ. ಅವರಲ್ಲಿ ಹೋದ ಸಲ ಊರಿಗೆ ಹೋಗಿ ಮತ ಹಾಕಿದವರು? ನಾಲ್ಕೇ ನಾಲ್ಕು ಕೈ. ಉಳಿದವರು ನಾಚಿಕೊಳ್ಳಬೇಡಿ, ನಾನೂ ನಿಮ್ಮ ಸಾಲಿನಲ್ಲೇ ಇದ್ದವಳು.

ನಾನು ಎಂ.ಟೆಕ್. ಮುಗಿಸಿ 2013ರಲ್ಲಿ ಪುಣೆಗೆ ಬಂದೆ. ಹೆಸರು ಧಾರವಾಡ ಜಿಲ್ಲೆಯ ನಮ್ಮ ಹಳ್ಳಿಯ ಪಟ್ಟಿಯಲ್ಲೇ ಉಳಿಯಿತು. 2018ರ ವಿಧಾನಸಭಾ ಚುನಾವಣೆಯ ವಾರ ಆಫೀಸಿನಲ್ಲಿ ರಿಲೀಸ್ ಇತ್ತು, ಹೋಗಲಾಗಲಿಲ್ಲ. 2019ರ ಲೋಕಸಭೆಗೆ ನನಗೆ ಏಳು ತಿಂಗಳು, ಬಸ್ಸಿನಲ್ಲಿ ಅಷ್ಟು ದೂರ ಬೇಡ ಅಂದರು ಡಾಕ್ಟರು. 2023ರ ಮೇ 10 ಬುಧವಾರ. ಮಧ್ಯ ವಾರ ರಜೆ ಕೇಳುವುದೋ ಬೇಡವೋ ಅಂತ ಯೋಚಿಸುವಷ್ಟರಲ್ಲಿ ಟಿಕೆಟ್ ಮುಗಿದಿತ್ತು. ಹೀಗೆ ಮೂರು ಚುನಾವಣೆ. ಪ್ರತಿ ಸಲವೂ ಕಾರಣ ಇತ್ತು, ಪ್ರತಿ ಸಲವೂ ಬೆರಳಿಗೆ ಶಾಯಿ ಇರಲಿಲ್ಲ. ಪಟ್ಟಿಯಲ್ಲಿ ಹೆಸರು ಇತ್ತು, ಹೆಸರಿನವಳು ಇರಲಿಲ್ಲ.

ಅಂಚೆಯಲ್ಲಿ ಮತ ಕಳಿಸುವ ಹಾಗಿದ್ದರೆ ಮೂರನ್ನೂ ಹಾಕುತ್ತಿದ್ದೆ. ಅನುಕೂಲದ ವಾದ ಇದೇ, ಇದು ಸಣ್ಣ ವಾದವಲ್ಲ. 2019ರಲ್ಲಿ ದೇಶದ ಮತದಾನ ಸುಮಾರು 67 ಶೇಕಡಾ. ಅಂದರೆ ಮೂವರಲ್ಲಿ ಒಬ್ಬರು ಹಾಕಲಿಲ್ಲ. ಅವರೆಲ್ಲ ಸೋಮಾರಿಗಳಲ್ಲ. ಕಟ್ಟಡದ ಕೆಲಸಕ್ಕೆ ಬಂದವರು, ಮದುವೆಯಾಗಿ ಬೇರೆ ಊರಿಗೆ ಹೋದವರು, ಹಾಸಿಗೆ ಹಿಡಿದವರು, ಅವರನ್ನು ನೋಡಿಕೊಳ್ಳುವವರು ಎಲ್ಲ ಅದರಲ್ಲಿದ್ದಾರೆ. ಮದುವೆಯಾಗಿ ವಿಳಾಸ ಬದಲಾಗುವುದು ನಮ್ಮಲ್ಲಿ ಹೆಚ್ಚಾಗಿ ಯಾರದು ಅಂತ ನಾನು ಈ ಸಭೆಗೆ ಹೇಳಬೇಕಿಲ್ಲ.

ಈಗ ನಮ್ಮ ದೇಶದಲ್ಲಿ ಅಂಚೆ ಮತ ಯಾರಿಗಿದೆ ನೋಡೋಣ.

ಮೊದಲನೆಯವರು ಸೇವಾ ಮತದಾರರು: ಸೇನೆಯವರು, ಅರೆಸೇನಾ ಪಡೆಗಳವರು, ತಮ್ಮ ರಾಜ್ಯದಿಂದ ಹೊರಗೆ ಕೆಲಸ ಮಾಡುವ ಸಶಸ್ತ್ರ ಪೊಲೀಸರು, ವಿದೇಶದ ನಮ್ಮ ರಾಯಭಾರ ಕಚೇರಿಗಳ ಸಿಬ್ಬಂದಿ. ಇಲ್ಲಿ ನಮಗೆ ಸಂಬಂಧಪಟ್ಟ ಒಂದು ವಿಷಯವಿದೆ. ಸೈನಿಕನ ಜೊತೆ ವಾಸಿಸುವ ಹೆಂಡತಿಗೂ ಈ ಸೌಲಭ್ಯ ಮೊದಲಿನಿಂದ ಇತ್ತು. ಆದರೆ ಸೇನೆಯಲ್ಲಿರುವುದು ಹೆಂಡತಿಯಾದರೆ ಆಕೆಯ ಗಂಡನಿಗೆ ಇರಲಿಲ್ಲ. ಯಾಕೆಂದರೆ ಕಾನೂನಿನಲ್ಲಿ ಬರೆದದ್ದೇ "ಹೆಂಡತಿ" ಅಂತ. ಹೆಣ್ಣುಮಗಳು ಅಧಿಕಾರಿಯಾಗಿ ಗಂಡ ಆಕೆಯ ಜೊತೆ ಊರೂರು ತಿರುಗಬಹುದು ಎನ್ನುವುದು ಆ ಕಾನೂನು ಬರೆದವರಿಗೆ ಹೊಳೆದಿರಲಿಲ್ಲ. 2021ರ ಚುನಾವಣಾ ಕಾನೂನು ತಿದ್ದುಪಡಿಯಲ್ಲಿ ಆ ಪದವನ್ನು "ಸಂಗಾತಿ" ಎಂದು ಬದಲಿಸಿದರು. ಪುಣೆಯಂಥ ಸೇನಾ ಊರಿನಲ್ಲಿ ಇದು ಪುಸ್ತಕದ ಮಾತಲ್ಲ.

ಎರಡನೆಯವರು ಚುನಾವಣಾ ಕರ್ತವ್ಯದ ಸಿಬ್ಬಂದಿ. ನಮ್ಮೂರ ಶಾಲಾ ಶಿಕ್ಷಕಿಯರನ್ನೆಲ್ಲ ಮತಗಟ್ಟೆಗೆ ಕಳಿಸುತ್ತಾರಲ್ಲ, ಅವರು. ಮೂರನೆಯವರು ಮುನ್ನೆಚ್ಚರಿಕೆ ಬಂಧನದಲ್ಲಿರುವವರು. ನಾಲ್ಕನೆಯವರು 2019ರಿಂದ ಸೇರಿದ "ಗೈರುಹಾಜರಿ ಮತದಾರರು": ಹಿರಿಯ ನಾಗರಿಕರು, 40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವವರು, ಆಯೋಗ ಹೆಸರಿಸಿದ ಅಗತ್ಯ ಸೇವೆಗಳವರು. ಹಿರಿಯರ ವಯಸ್ಸು ಮೊದಲು 80 ಇತ್ತು, 2024ರ ಮಾರ್ಚ್‌ನಲ್ಲಿ 85ಕ್ಕೆ ಏರಿಸಿದರು. ಕರ್ನಾಟಕದಲ್ಲಿ ಮನೆಯಿಂದಲೇ ಮತ ಹಾಕುವ ವ್ಯವಸ್ಥೆ 2023ರ ವಿಧಾನಸಭಾ ಚುನಾವಣೆಯಲ್ಲಿ ಬಂತು, 2024ರ ಲೋಕಸಭೆಗೆ ದೇಶವೆಲ್ಲ ಬಂತು.

ಊರು ಬಿಟ್ಟು ಬಂದ ನಾವು ಈ ಪಟ್ಟಿಯಲ್ಲಿಲ್ಲ. ವಿದೇಶದಲ್ಲಿರುವ ಭಾರತೀಯರೂ ಇಲ್ಲ. ಅವರು ಹೆಸರು ನೋಂದಾಯಿಸಬಹುದು, ಆದರೆ ವಿಮಾನ ಹತ್ತಿ ಬಂದು ಮತಗಟ್ಟೆಯಲ್ಲೇ ಹಾಕಬೇಕು.

ಸರಿ, ಅಂಚೆ ಮತ ಹೇಗೆ ಕೆಲಸ ಮಾಡುತ್ತದೆ? ನನ್ನ ಕೆಲಸ ಸಾಫ್ಟ್‌ವೇರಿನಲ್ಲಿ ತೂತು ಹುಡುಕುವುದು. ಹಾಗಾಗಿ ಇದನ್ನೂ ಹಾಗೇ ನೋಡಿದೆ. ಇಡೀ ವ್ಯವಸ್ಥೆಯ ಜಾಣತನ ಎರಡು ಲಕೋಟೆಗಳಲ್ಲಿದೆ. ಮತಪತ್ರದಲ್ಲಿ ಪೆನ್ನಿನಿಂದ ಗುರುತು ಹಾಕಿ ಅದನ್ನು ಒಳಲಕೋಟೆಯಲ್ಲಿಟ್ಟು ಅಂಟಿಸಬೇಕು. ಅದರ ಹೆಸರು 13ಬಿ. "ಇದು ನನ್ನದೇ ಮತ" ಎಂದು ಸಹಿ ಹಾಕಿ, ಅಧಿಕಾರಿಯಿಂದ ದೃಢೀಕರಿಸಿದ ಘೋಷಣಾ ಪತ್ರ 13ಎ ಬೇರೆ. ಒಳಲಕೋಟೆ ಮತ್ತು ಘೋಷಣಾ ಪತ್ರ ಎರಡನ್ನೂ ಹೊರಲಕೋಟೆ 13ಸಿಯಲ್ಲಿ ಹಾಕಿ ಕಳಿಸಬೇಕು.

ಎಣಿಕೆಯ ದಿನ ಮೊದಲು ಹೊರಲಕೋಟೆ ಬಿಚ್ಚುತ್ತಾರೆ. ಘೋಷಣಾ ಪತ್ರ ನೋಡುತ್ತಾರೆ: ಸಹಿ ಇದೆಯೇ, ದೃಢೀಕರಣ ಇದೆಯೇ, ಅದರ ಮೇಲಿನ ಕ್ರಮಸಂಖ್ಯೆ ಒಳಲಕೋಟೆಯದಕ್ಕೆ ತಾಳೆಯಾಗುತ್ತದೆಯೇ. ಎಲ್ಲ ಸರಿಯಿದ್ದರೆ ಘೋಷಣಾ ಪತ್ರವನ್ನು ಪಕ್ಕಕ್ಕಿಟ್ಟು, ಒಳಲಕೋಟೆಗಳನ್ನು ಒಟ್ಟು ಸೇರಿಸಿ, ಆಮೇಲೆ ಬಿಚ್ಚುತ್ತಾರೆ. ಯಾರು ಮತ ಹಾಕಿದರು ಎನ್ನುವುದು ಒಂದು ಕಟ್ಟಿನಲ್ಲಿ, ಯಾರಿಗೆ ಹಾಕಿದರು ಎನ್ನುವುದು ಇನ್ನೊಂದು ಕಟ್ಟಿನಲ್ಲಿ. ಎರಡನ್ನೂ ಮತ್ತೆ ಜೋಡಿಸುವಂತಿಲ್ಲ. ಕಾಗದ ಮತ್ತು ಗೋಂದಿನಿಂದ ಮಾಡಿದ ಈ ವ್ಯವಸ್ಥೆಯನ್ನು ನೋಡಿ ನನ್ನಂಥ ಕಂಪ್ಯೂಟರಿನವರೂ ತಲೆದೂಗಬೇಕು.

ಸೇವಾ ಮತದಾರರಿಗೆ 2016ರಿಂದ ಇದಕ್ಕೆ ತಂತ್ರಜ್ಞಾನವೂ ಸೇರಿತು. ಮೊದಲು ಖಾಲಿ ಮತಪತ್ರವೇ ಅಂಚೆಯಲ್ಲಿ ಗಡಿಗೆ ಹೋಗಬೇಕಿತ್ತು, ತುಂಬಿದ್ದು ಅಂಚೆಯಲ್ಲೇ ಬರಬೇಕಿತ್ತು. ಅಷ್ಟರಲ್ಲಿ ಎಣಿಕೆ ಮುಗಿದಿರುತ್ತಿತ್ತು. ಈಗ ಇಟಿಪಿಬಿಎಸ್ ಎಂಬ ವ್ಯವಸ್ಥೆಯಲ್ಲಿ ಖಾಲಿ ಮತಪತ್ರ ಗೂಢಲಿಪಿಯಲ್ಲಿ ಇಂಟರ್‌ನೆಟ್ ಮೂಲಕ ಹೋಗುತ್ತದೆ. ಓಟಿಪಿ ಹಾಕಿ ಇಳಿಸಿಕೊಂಡು, ಪಿನ್ ಹಾಕಿ ತೆರೆದು, ಪ್ರಿಂಟ್ ತೆಗೆದು, ಗುರುತು ಹಾಕಿ ಅಂಚೆಯಲ್ಲಿ ವಾಪಸು ಕಳಿಸುತ್ತಾರೆ. ಒಂದೇ ಮತ ಎರಡು ಸಲ ಬರದಂತೆ ಎಣಿಕೆಯ ದಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತಾರೆ. ಇದನ್ನು ಚುನಾವಣಾ ಆಯೋಗದ ಜೊತೆ ಸೇರಿ ಮಾಡಿದ್ದು ಸಿ-ಡ್ಯಾಕ್, ನಮ್ಮ ಪುಣೆಯಲ್ಲೇ ಮುಖ್ಯ ಕಚೇರಿ ಇರುವ ಸಂಸ್ಥೆ.

ಗಮನಿಸಿ. ಹೋಗುವ ದಾರಿ ಇಂಟರ್‌ನೆಟ್, ಬರುವ ದಾರಿ ಅಂಚೆ. ಬರುವುದೂ ಇಂಟರ್‌ನೆಟ್ಟಿನಲ್ಲೇ ಯಾಕಿಲ್ಲ? ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದ್ದರು: "ಲಕ್ಷಗಟ್ಟಲೆ ರೂಪಾಯಿ ಮೊಬೈಲಿನಲ್ಲಿ ಕಳಿಸುತ್ತೇವೆ, ಒಂದು ಮತ ಕಳಿಸಲು ಆಗುವುದಿಲ್ಲವೇ?" ಬಹಳ ಒಳ್ಳೆಯ ಪ್ರಶ್ನೆ. ಉತ್ತರ ಹೀಗಿದೆ.

ನೀವು ತರಕಾರಿಯವನಿಗೆ ಇನ್ನೂರು ರೂಪಾಯಿ ಕಳಿಸಿದರೆ, ಕಳಿಸಿದ್ದು ಯಾರು, ಯಾರಿಗೆ, ಎಷ್ಟು, ಎಲ್ಲವೂ ಬ್ಯಾಂಕಿಗೆ ಗೊತ್ತು. ನಿಮಗೆ ಮೆಸೇಜ್ ಬರುತ್ತದೆ, ಅವನ ಅಂಗಡಿಯ ಡಬ್ಬಿ ಕೂಗಿ ಹೇಳುತ್ತದೆ. ತಪ್ಪಾದರೆ ದೂರು ಕೊಡುತ್ತೀರಿ, ಲೆಕ್ಕ ತೆಗೆದು ನೋಡುತ್ತಾರೆ. ಬ್ಯಾಂಕಿನ ಭದ್ರತೆ ನಿಂತಿರುವುದೇ ಈ ಲೆಕ್ಕದ ಮೇಲೆ. ಮತಕ್ಕೆ ಇದು ನಡೆಯುವುದಿಲ್ಲ. ನೀವು ಮತ ಹಾಕಿದಿರಿ ಅಂತ ಗೊತ್ತಿರಬೇಕು, ಯಾರಿಗೆ ಅಂತ ಯಾರಿಗೂ ಗೊತ್ತಿರಬಾರದು. "ನೀವು ಇಂಥವರಿಗೆ ಹಾಕಿದ್ದೀರಿ" ಅಂತ ಮೊಬೈಲಿಗೆ ಮೆಸೇಜ್ ಬಂದರೆ, ಆ ಮೆಸೇಜ್ ತೋರಿಸು ಅಂತ ಮನೆಯಲ್ಲಿ ಕೇಳುತ್ತಾರೆ, ದುಡ್ಡು ಕೊಟ್ಟವರು ಕೇಳುತ್ತಾರೆ. ಮೆಸೇಜ್ ಬರದಿದ್ದರೆ, ಒಳಗೆ ಯಾರಾದರೂ ಬದಲಿಸಿದರೂ ನಿಮಗೆ ತಿಳಿಯುವುದಿಲ್ಲ. ಹಣ ಹೋದರೆ ವಾಪಸು ಬರಬಹುದು. ತಪ್ಪು ಪೆಟ್ಟಿಗೆಗೆ ಬಿದ್ದ ಮತ ಇಂಥದ್ದು ಅಂತ ಹುಡುಕಿ ತೆಗೆಯಲು ಬರುವುದಿಲ್ಲ, ಅದರ ಮೇಲೆ ಹೆಸರೇ ಇರುವುದಿಲ್ಲ.

ಎಸ್ಟೋನಿಯಾ ಎಂಬ ಪುಟ್ಟ ದೇಶ 2005ರಿಂದ ಇಂಟರ್‌ನೆಟ್ ಮತದಾನ ನಡೆಸುತ್ತಿದೆ. ಅಲ್ಲಿ ಒಂದು ಉಪಾಯ ಮಾಡಿದ್ದಾರೆ. ಆನ್‌ಲೈನ್ ಮತವನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದು ಮಾತ್ರ ಲೆಕ್ಕಕ್ಕೆ. ಪಕ್ಕದಲ್ಲಿ ನಿಂತು ಯಾರೋ ಒತ್ತಾಯದಿಂದ ಹಾಕಿಸಿದರೂ, ಅವರು ಹೋದ ಮೇಲೆ ಬದಲಿಸಬಹುದು. ಅಷ್ಟು ಮುಂದುವರಿದ ದೇಶವೂ "ಪಕ್ಕದಲ್ಲಿ ನಿಂತವರ" ಬಗ್ಗೆ ಯೋಚಿಸಬೇಕಾಯಿತು ನೋಡಿ. ನಾನು ಹೇಳಬೇಕೆಂದಿರುವುದೂ ಅವರ ಬಗ್ಗೆಯೇ.

ಅದಕ್ಕೆ ಮೊದಲು, ಅಂಚೆ ಮತ ಎಲ್ಲೆಲ್ಲಿ ಎಡವಿದೆ ಅಂತ ನೋಡೋಣ. ಮೂರು ಜಾಗ.

ಒಂದು, ದಾರಿ ಮತ್ತು ಎಣಿಕೆಯ ಮೇಜು. ಆಸ್ಟ್ರಿಯಾದಲ್ಲಿ 2016ರಲ್ಲಿ ಅಧ್ಯಕ್ಷರ ಚುನಾವಣೆ ನಡೆದು, ಸುಮಾರು 31 ಸಾವಿರ ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಮೋಸ ಸಿಕ್ಕಿತು ಅಂತಲ್ಲ, ಅಂಚೆ ಮತಗಳ ಲಕೋಟೆಗಳನ್ನು ಕೆಲವೆಡೆ ನಿಯಮ ಮೀರಿ ಹೊತ್ತಿಗೆ ಮೊದಲೇ ಬಿಚ್ಚಿದ್ದರು ಅಂತ. ಮರುಚುನಾವಣೆಗೆ ಅಕ್ಟೋಬರ್ 2 ಗೊತ್ತಾಯಿತು. ಅಷ್ಟರಲ್ಲಿ ಅಂಚೆ ಮತದ ಲಕೋಟೆಗಳ ಗೋಂದು ಸರಿಯಾಗಿ ಅಂಟುತ್ತಿಲ್ಲ ಎಂದು ಗೊತ್ತಾಗಿ ಡಿಸೆಂಬರ್ 4ಕ್ಕೆ ಮುಂದೂಡಿದರು! ಗೋಂದು ಕೈಕೊಟ್ಟದ್ದಕ್ಕೆ ಒಂದು ದೇಶದ ಚುನಾವಣೆ ಎರಡು ತಿಂಗಳು ಮುಂದೆ ಹೋಯಿತು. ನಗು ಬರುತ್ತದೆ, ಆದರೆ ಅವರು ಮಾಡಿದ್ದು ಸರಿ. ಬಿಚ್ಚಬಹುದಾದ ಲಕೋಟೆ ಲಕೋಟೆಯಲ್ಲ.

ಎರಡು, ನಮ್ಮದೇ ತಪ್ಪು. ಘೋಷಣಾ ಪತ್ರಕ್ಕೆ ಸಹಿ ಮರೆಯುವುದು, ದೃಢೀಕರಣ ಬಿಡುವುದು, ಘೋಷಣಾ ಪತ್ರವನ್ನೇ ಒಳಲಕೋಟೆಗೆ ಹಾಕುವುದು, ಮತಪತ್ರದ ಮೇಲೆ ಹೆಸರು ಬರೆಯುವುದು, ಎಣಿಕೆ ಶುರುವಾದ ಮೇಲೆ ತಲುಪುವುದು. ಇವೆಲ್ಲಕ್ಕೂ ಮತ ತಿರಸ್ಕಾರವಾಗುತ್ತದೆ. ಓದಿದವರೇ ಹೆಚ್ಚು ಅಂಚೆ ಮತ ಹಾಕುವವರು, ಆದರೂ ಈ ತಪ್ಪುಗಳು ಆಗುತ್ತಲೇ ಇರುತ್ತವೆ. ಮತಯಂತ್ರದಲ್ಲಿ ಗುಂಡಿ ಒತ್ತಿದರೆ ಮತ ತಿರಸ್ಕಾರವಾಗುವ ಪ್ರಶ್ನೆ ಇಲ್ಲ, ಕಾಗದದಲ್ಲಿ ಇದೆ. ಇದು ಸಣ್ಣ ಲೆಕ್ಕವೆಂದು ಬಿಡಬೇಡಿ. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ತಡರಾತ್ರಿಯವರೆಗೆ ಎಳೆದು, ಮರುಎಣಿಕೆಯಾಗಿ, ಕೊನೆಗೆ 16 ಮತಗಳ ಅಂತರದಲ್ಲಿ ನಿಂತಿತು. ಆ ರಾತ್ರಿ ವಿವಾದ ಎದ್ದದ್ದು ತಿರಸ್ಕೃತ ಅಂಚೆ ಮತಗಳ ಬಗ್ಗೆಯೇ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಗೆದ್ದದ್ದು ಒಂದೇ ಒಂದು ಮತದಿಂದ. ಅದಕ್ಕೇ ಈಗ ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳಿಗಿಂತ ಕಡಿಮೆಯಿದ್ದರೆ, ಆ ತಿರಸ್ಕೃತ ಮತಗಳನ್ನೆಲ್ಲ ಇನ್ನೊಮ್ಮೆ ಪರಿಶೀಲಿಸದೆ ಫಲಿತಾಂಶ ಹೇಳುವಂತಿಲ್ಲ.

ಮೂರು, ಮತಪತ್ರ ತುಂಬುವ ಜಾಗ. ಅಮೆರಿಕದ ಆರಿಗಾನ್ ರಾಜ್ಯದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಚುನಾವಣೆಗಳು ಅಂಚೆಯಲ್ಲೇ ನಡೆಯುತ್ತವೆ. ಲಕೋಟೆಯ ಮೇಲಿನ ಸಹಿಯನ್ನು ದಾಖಲೆಯ ಸಹಿಗೆ ತಾಳೆ ನೋಡುತ್ತಾರೆ. ಅಂಚೆ ಮತ ಎಂದರೆ ಮೋಸ ಎನ್ನುವುದು ಸುಳ್ಳು. ಆದರೆ 2018ರಲ್ಲಿ ಉತ್ತರ ಕೆರೊಲಿನಾದ ಒಂದು ಕ್ಷೇತ್ರದಲ್ಲಿ ಏನಾಯಿತು ನೋಡಿ. ಅಂತರ ಇದ್ದದ್ದು 905 ಮತ. ಒಬ್ಬ ಅಭ್ಯರ್ಥಿಗಾಗಿ ಕೆಲಸ ಮಾಡುತ್ತಿದ್ದವರು ಮನೆಮನೆಗೆ ಹೋಗಿ ಜನರ ಅಂಚೆ ಮತಪತ್ರಗಳನ್ನು "ನಾವೇ ತಲುಪಿಸುತ್ತೇವೆ ಕೊಡಿ" ಅಂತ ಒಯ್ದಿದ್ದರು. ಕೆಲವನ್ನು ತಾವೇ ತುಂಬಿದ್ದರು. ಫಲಿತಾಂಶ ಬಿದ್ದುಹೋಗಿ ಮತ್ತೆ ಚುನಾವಣೆ ಮಾಡಿದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 2004ರ ನಗರಸಭಾ ಚುನಾವಣೆಯಲ್ಲೂ ಅಂಚೆ ಮತಗಳ ದೊಡ್ಡ ಅಕ್ರಮ ಸಿಕ್ಕಿ ಮರುವರ್ಷ ನ್ಯಾಯಾಲಯ ಆಯ್ಕೆಗಳನ್ನು ರದ್ದು ಮಾಡಿತು. ಈಗ ಅಲ್ಲಿ ಪಕ್ಷದ ಪ್ರಚಾರಕರು ಬೇರೆಯವರ ಅಂಚೆ ಮತಗಳನ್ನು ಮುಟ್ಟುವಂತೆಯೇ ಇಲ್ಲ.

ಇವೆರಡರಲ್ಲೂ ಯಾರೂ ಕಂಪ್ಯೂಟರ್ ಹ್ಯಾಕ್ ಮಾಡಲಿಲ್ಲ.  ಉತ್ತರ ಕೆರೊಲಿನಾದಲ್ಲಿ ಬಾಗಿಲು ತಟ್ಟಿದರು, ಅಷ್ಟೇ. ನಮ್ಮ ಆಯೋಗಕ್ಕೂ ಇದು ಗೊತ್ತು. ಚುನಾವಣಾ ಸಿಬ್ಬಂದಿ ಮೊದಲು ಅಂಚೆ ಮತಪತ್ರವನ್ನು ಮನೆಗೆ ಒಯ್ದು, ಎಣಿಕೆಯವರೆಗೆ ಯಾವಾಗ ಬೇಕಾದರೂ ಕಳಿಸಬಹುದಿತ್ತು. ಅಷ್ಟು ದಿನ ಅದರ ಮೇಲೆ ಯಾರ್ಯಾರ ಕಣ್ಣೋ. ಈಗ ಅವರು ಮತದಾರರ ಸೌಲಭ್ಯ ಕೇಂದ್ರದಲ್ಲೇ ಕುಳಿತು ತುಂಬಿ ಅಲ್ಲೇ ಹಾಕಬೇಕು.

ಅಕ್ಕಂದಿರೇ, ಈಗ ನನ್ನ ಅಜ್ಜಿಯ ವಿಷಯಕ್ಕೆ ಬರುತ್ತೇನೆ.

2024ರ ಬೇಸಿಗೆ. ಮಗಳ ರಜೆಗೆ ಊರಿಗೆ ಹೋಗಿದ್ದೆ. ನಮ್ಮ ಕಡೆ ಮತದಾನ ಮೇ 7ಕ್ಕೆ. ಅಜ್ಜಿಗೆ 88. ಬಿಎಲ್‌ಓ ಮೊದಲೇ ಬಂದು 12ಡಿ ನಮೂನೆ ತುಂಬಿಸಿಕೊಂಡು ಹೋಗಿದ್ದರು. ಮತದಾನಕ್ಕೆ ಕೆಲವು ದಿನ ಮೊದಲು, ಬೆಳಿಗ್ಗೆ, ತಂಡ ಬಂತು. ಇಬ್ಬರು ಅಧಿಕಾರಿಗಳು, ಒಬ್ಬ ಪೊಲೀಸ್, ಒಬ್ಬ ವಿಡಿಯೋದವನು. ರಟ್ಟಿನ ಮರೆಯನ್ನೂ ತಂದಿದ್ದರು. ನಮ್ಮ ನಡುಮನೆ ಅರ್ಧ ಊರಿನಿಂದ ತುಂಬಿತು.

ಅಧಿಕಾರಿ ಹೆಣ್ಣುಮಗಳು, ಯಾವುದೋ ಊರಿನ ಟೀಚರ್. ಅಜ್ಜಿಯ ಮುಂದೆ ಕುಳಿತು ಎಲ್ಲ ತಿಳಿಸಿ ಹೇಳಿ, "ಈಗ ಅಜ್ಜಿ ಒಬ್ಬರ ಇರ್ಲಿ, ಉಳದವರು ಸ್ವಲ್ಪ ಹೊರಗ ಹೋಗ್ರಿ" ಅಂದರು. ನಮ್ಮ ಕಾಕಾ ಅಲ್ಲಾಡಲಿಲ್ಲ. "ಆಕಿಗೆ ಕಣ್ಣು ಮಂದ ಆಗ್ಯಾವ್ರಿ. ಎಲ್ಲಿ ಹಾಕ್ಬೇಕಂತ ನಾ ತೋರಸ್ತೀನಿ" ಅಂದ. ಕಾಕಾ ಕೆಟ್ಟವನಲ್ಲ. ಅಜ್ಜಿಯ ಔಷಧ, ಊಟ, ಆಸ್ಪತ್ರೆ ಎಲ್ಲ ನೋಡುವವನು ಅವನೇ. ಬ್ಯಾಂಕಿನ ಪುಸ್ತಕ ಅವನ ಹತ್ತಿರ, ರೇಷನ್ ಕಾರ್ಡ್ ಅವನ ಹತ್ತಿರ, ಹಾಗೆಯೇ ಮತವೂ ಅಂತ ಅವನ ಲೆಕ್ಕ. ನಿಜ ಹೇಳಬೇಕೆಂದರೆ ಆ ಕ್ಷಣ ನನಗೂ ಅದು ತಪ್ಪು ಅನ್ನಿಸಲಿಲ್ಲ. ಪಾಪ, ಸಹಾಯ ಮಾಡುತ್ತಿದ್ದಾನೆ ಅಂದುಕೊಂಡು ನಾನೂ ಅಲ್ಲೇ ನಿಂತಿದ್ದೆ.

ಅಜ್ಜಿ ತಲೆ ಎತ್ತಿ, "ಅಕ್ಕ್ಯಾಗಿನ ಹಳ್ಳ ಕಾಣತಾವ ನನಗ, ಇಷ್ಟು ದೊಡ್ಡ ಚಿತ್ರ ಕಾಣೂದಿಲ್ಲೇನು? ನೀ ಹೊರಗ ನಡಿ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀನೂ" ಅಂದಳು.

ನಾವೆಲ್ಲ ಕಟ್ಟೆಯ ಮೇಲೆ ಬಂದು ಕೂತೆವು. ಒಳಗೆ ಅಜ್ಜಿ ರಟ್ಟಿನ ಮರೆಯ ಹಿಂದೆ ಬಹಳ ಹೊತ್ತು ತೆಗೆದುಕೊಂಡಳು. ಲಕೋಟೆ ಅಂಟಿಸಿ ತಂಡಕ್ಕೆ ಕೊಟ್ಟು, ಹೆಬ್ಬೆರಳಿನ ಗುರುತು ಒತ್ತಿ, ಟೀಚರಿಗೆ ಚಹಾ ಮಾಡಿಸಿದಳು. ರಾತ್ರಿ ಮಲಗುವಾಗ ನಾನು ಮೆಲ್ಲಗೆ ಕೇಳಿದೆ, ಯಾರಿಗೆ ಹಾಕಿದೆ ಅಜ್ಜಿ ಅಂತ. "ನಿಮ್ಮಜ್ಜಗೂ ಯಾವತ್ತೂ ಹೇಳಿಲ್ಲ ನಾ. ಅವ್ರು ಹೋಗೂ ಮುಂದ ಹೇಳಿಕೊಡತಿದ್ರು, ನಾ ಹೂಂ ಅಂತಿದ್ದೆ. ಒಳಗ ಹೋದ ಮ್ಯಾಲ ನಾ ಒಬ್ಬಾಕಿನ ಅಲ್ಲ" ಅಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೊಲ ಅಜ್ಜನ ಹೆಸರಲ್ಲಿತ್ತು, ಆಮೇಲೆ ಕಾಕಾನ ಹೆಸರಿಗೆ ಬಂತು. ಮಕ್ಕಳ ಮದುವೆ ಯಾರ ಜೊತೆ, ಯಾವ ಮನೆಗೆ ಎನ್ನುವುದನ್ನೆಲ್ಲ ಬೇರೆಯವರು ತೀರ್ಮಾನಿಸಿದರು. ಐದು ವರ್ಷಕ್ಕೊಮ್ಮೆ, ಶಾಲೆಯ ಕೋಣೆಯಲ್ಲಿ, ಒಂದು ರಟ್ಟಿನ ಹಿಂದೆ, ಅರ್ಧ ನಿಮಿಷ ಆಕೆ ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ. ನಾವು ಅನುಕೂಲ ಮಾಡಿಕೊಡುತ್ತೇವೆ ಅಂತ ಮತವನ್ನು ಮನೆಗೆ ತಂದಾಗ, ಆ ಅರ್ಧ ನಿಮಿಷವನ್ನು ನಾವೇ ಕಿತ್ತುಕೊಳ್ಳಬಹುದಿತ್ತು. ನಾನು, ಎಂ.ಟೆಕ್. ಮಾಡಿದವಳು, ಭದ್ರತೆಯ ಕೆಲಸ ಮಾಡುವವಳು, ಅದನ್ನು ನೋಡುತ್ತ ನಿಂತಿದ್ದೆ.

ನಮ್ಮ ದೇಶದ ಮೊದಲ ಸಾರ್ವತ್ರಿಕ ಚುನಾವಣೆ 1951-52ರಲ್ಲಿ ನಡೆದಾಗ, ಪಟ್ಟಿ ಮಾಡಲು ಹೋದವರಿಗೆ ಲಕ್ಷಾಂತರ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದರು. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದಕ್ಕೆ ಒಪ್ಪಲಿಲ್ಲ, ಹೆಸರಿಲ್ಲದೆ ಮತವಿಲ್ಲ ಅಂದರು. ಸುಮಾರು 28 ಲಕ್ಷ ಮಹಿಳೆಯರ ಹೆಸರು ಆ ಸಲ ಪಟ್ಟಿಯಿಂದ ಬಿಟ್ಟುಹೋಯಿತು. ಆಗ ಅದು ಕಠಿಣವಾಗಿ ಕಂಡಿರಬೇಕು. ಆದರೆ ಮುಂದಿನ ಚುನಾವಣೆಗಳಲ್ಲಿ ಹೆಣ್ಣುಮಕ್ಕಳು ತಮ್ಮ ಹೆಸರಿನಲ್ಲೇ ಬಂದರು. ಮತ ಮನೆತನದ್ದಲ್ಲ, ಒಬ್ಬೊಬ್ಬರದು ಎನ್ನುವುದನ್ನು ಅಷ್ಟು ಕಷ್ಟಪಟ್ಟು ಕಲಿತ ದೇಶ ನಮ್ಮದು.

ಹಾಗಾದರೆ ಮನೆಯಿಂದ ಮತ ಬೇಡವೇ? ಖಂಡಿತ ಬೇಕು. ಅಜ್ಜಿಯನ್ನು ಆ ಬಿಸಿಲಲ್ಲಿ ಶಾಲೆಗೆ ಹೊತ್ತುಕೊಂಡು ಹೋಗಲು ಆಗುತ್ತಿರಲಿಲ್ಲ. ಈ ವ್ಯವಸ್ಥೆ ಇಲ್ಲದಿದ್ದರೆ ಆಕೆಯ ಮತವೇ ಇರುತ್ತಿರಲಿಲ್ಲ. ನಮ್ಮಲ್ಲಿ ಬರೀ ಲಕೋಟೆ ಕಳಿಸದೆ, ಅಧಿಕಾರಿಗಳನ್ನೇ ರಟ್ಟಿನ ಮರೆಯ ಜೊತೆ ಕಳಿಸುತ್ತಾರಲ್ಲ, ಅದು ಬಹಳ ಒಳ್ಳೆಯ ಯೋಚನೆ. ಆ ಟೀಚರ್ ಹೊರಗೆ ಹೋಗಿ ಅನ್ನದಿದ್ದರೆ ಅಜ್ಜಿಗೂ ಬಾಯಿ ಬರುತ್ತಿತ್ತೋ ಇಲ್ಲವೋ.

ಆದರೆ ನಮ್ಮಂಥವರಿಗೆ, ಕೈಕಾಲು ಗಟ್ಟಿಯಿದ್ದು ಊರು ಮಾತ್ರ ದೂರ ಇರುವವರಿಗೆ, ಮನೆಗೆ ಲಕೋಟೆ ಬರುವುದಕ್ಕಿಂತ ಹತ್ತಿರದಲ್ಲಿ ಒಂದು ಮತಗಟ್ಟೆ ಬರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಇದು ಆಗದ ಮಾತಲ್ಲ. ಕಾಶ್ಮೀರದಿಂದ ಸ್ಥಳಾಂತರಗೊಂಡವರಿಗೆ ಜಮ್ಮು, ಉಧಂಪುರ, ದೆಹಲಿಗಳಲ್ಲಿ ವಿಶೇಷ ಮತಗಟ್ಟೆಗಳಿವೆ. 2022ರ ಡಿಸೆಂಬರ್‌ನಲ್ಲಿ ಆಯೋಗ ಒಂದು ದೂರಮತಯಂತ್ರದ ಮಾದರಿಯನ್ನು ಪ್ರಕಟಿಸಿತು. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳ ಮತ ಹಾಕಬಹುದು. ಅಂದರೆ ಪುಣೆಯ ಒಂದು ಶಾಲೆಯಲ್ಲಿ ನಿಂತು ನಾನು ಧಾರವಾಡಕ್ಕೆ, ನೀವು ಕಲಬುರಗಿಗೆ ಹಾಕಬಹುದು. ಮರುತಿಂಗಳು ಪಕ್ಷಗಳನ್ನು ಕರೆದಾಗ ಹಲವರು ಆಕ್ಷೇಪ ಎತ್ತಿದರು: ವಲಸೆ ಹೋದವರು ಅಂದರೆ ಯಾರು, ಬೇರೆ ರಾಜ್ಯದ ಮತಗಟ್ಟೆಯಲ್ಲಿ ನಮ್ಮ ಏಜೆಂಟರು ಹೇಗೆ ಕೂರಬೇಕು, ನೀತಿಸಂಹಿತೆ ಹೇಗೆ. ಸುಮ್ಮನೆ ತಳ್ಳಿಹಾಕುವ ಪ್ರಶ್ನೆಗಳಲ್ಲ ಇವು. ಹಾಗೆ ಅದು ಅಲ್ಲೇ ನಿಂತಿದೆ. ಕನ್ನಡ ಸಂಘಗಳು ಒಟ್ಟಾಗಿ ಕೇಳುವುದಾದರೆ ಇದನ್ನು ಕೇಳಬೇಕು.

ಅಲ್ಲಿಯವರೆಗೆ ಏನು ಮಾಡುವುದು? ಒಂದೊಂದಾಗಿ ಹೇಳಿ ಮುಗಿಸುತ್ತೇನೆ.

ಮೊದಲನೆಯದು. ಇಲ್ಲೇ ನೆಲೆಸಿದ್ದರೆ ಹೆಸರನ್ನು ಇಲ್ಲಿಗೆ ತನ್ನಿ. ಮತ ಇರಬೇಕಾದ್ದು ಸಾಮಾನ್ಯವಾಗಿ ವಾಸಿಸುವ ಜಾಗದಲ್ಲಿ ಎಂದೇ ಕಾನೂನು ಹೇಳುತ್ತದೆ. ನಮೂನೆ 8, ಆನ್‌ಲೈನ್‌ನಲ್ಲೇ ತುಂಬಬಹುದು. ಸಂದೇಹವಿದ್ದರೆ 1950ಕ್ಕೆ ಫೋನ್ ಮಾಡಿ. ಎರಡೂ ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. ನಾನು 2023ರ ನಂತರ ಇದನ್ನು ಮಾಡಿದಾಗ ಅಪ್ಪ ಫೋನಿನಲ್ಲಿ, "ಹಂಗಾರ ಇಲ್ಲಿಂದ ಹೆಸರು ತಗಸ್ತೀಯೇನು?" ಅಂದರು. ಬೇರೇನೂ ಅನ್ನಲಿಲ್ಲ. ನನಗೂ ಗಂಟಲು ಕಟ್ಟಿತು. ಮನೆಯ ಪಡಿತರ ಚೀಟಿಯಿಂದ ಮದುವೆಯ ವರ್ಷವೇ ಹೆಸರು ಹೋಗಿತ್ತು, ಊರಿನ ಕಾಗದದಲ್ಲಿ ಉಳಿದಿದ್ದದ್ದು ಇದೊಂದೇ. ಆದರೆ ನನ್ನ ಮನೆಗೆ ನೀರು ಬರುವುದು, ಮಗಳ ಶಾಲೆಯ ದಾರಿಯ ಗುಂಡಿ ಮುಚ್ಚುವುದು ಪುಣೆಯಲ್ಲಿ. 2024ರ ಮೇ 13ರಂದು ಇಲ್ಲಿ ಸಾಲಿನಲ್ಲಿ ನಿಂತು ಮತ ಹಾಕಿದೆ. ಮೊದಲಿನ ಮೂರು ಚುನಾವಣೆಗಳ ನಂತರ ಬೆರಳಿಗೆ ಶಾಯಿ ಬಂತು. ಫೋಟೋ ಅಪ್ಪನಿಗೆ ಕಳಿಸಿದೆ. "ಚಲೋ ಆತು" ಅಂದರು. ಕನ್ನಡ ನಮ್ಮ ನಾಲಿಗೆಯ ಮೇಲಿದೆ, ಮತದಾರರ ಪಟ್ಟಿಯಲ್ಲಿಲ್ಲ.

ಎರಡನೆಯದು. ಹೆಸರು ಊರಲ್ಲೇ ಇಟ್ಟುಕೊಳ್ಳುವಿರಾದರೆ ಮತದಾನದ ದಿನ ಸಂಬಳ ಸಹಿತ ರಜೆ ಕೇಳಿ. ಅದು ಜನಪ್ರತಿನಿಧಿ ಕಾಯ್ದೆಯ 135ಬಿ ಕಲಮು ಕೊಟ್ಟ ಹಕ್ಕು, ಮ್ಯಾನೇಜರ್ ಮಾಡುವ ಉಪಕಾರವಲ್ಲ. ಟಿಕೆಟ್ ಮಾತ್ರ ಮೊದಲೇ ಮಾಡಿಸಿ.

ಮೂರನೆಯದು. ಮನೆಯಲ್ಲಿ 85 ದಾಟಿದವರೋ, ನಡೆಯಲು ಆಗದವರೋ ಇದ್ದರೆ, ಅಧಿಸೂಚನೆ ಬಂದ ಐದು ದಿನದೊಳಗೆ 12ಡಿ ಕೊಡಬೇಕು. ಅಂಗವೈಕಲ್ಯಕ್ಕೆ ಪ್ರಮಾಣಪತ್ರ ಜೊತೆಗಿಡಿ. ಅದು ಮಂಜೂರಾದ ಮೇಲೆ ಮತಗಟ್ಟೆಗೆ ಹೋಗಿ ಹಾಕಲು ಬರುವುದಿಲ್ಲ. ತಂಡ ಬರುವ ದಿನ ಮನೆಯಲ್ಲಿರಿ. ತಪ್ಪಿದರೆ ಇನ್ನೊಂದು ಸಲ ಬರುತ್ತಾರೆ, ಮೂರನೆಯ ಸಲ ಬರುವುದಿಲ್ಲ. ಮತ್ತು 12ಡಿ ಕಡ್ಡಾಯವಲ್ಲ. ಅತ್ತೆಗೆ ಮತಗಟ್ಟೆಗೇ ಹೋಗುವ ಆಸೆಯಿದ್ದರೆ ನಮ್ಮ ಅನುಕೂಲಕ್ಕಾಗಿ ಫಾರ್ಮ್ ತುಂಬಿಸಬೇಡಿ, ಗಾಲಿಕುರ್ಚಿ ಕೇಳಿ.

ನಾಲ್ಕನೆಯದು, ನಾನು ಇಷ್ಟೆಲ್ಲ ಮಾತಾಡಿದ್ದೇ ಇದಕ್ಕಾಗಿ. ಆ ತಂಡ ಬಂದಾಗ, ದಯವಿಟ್ಟು ಕೋಣೆಯಿಂದ ಹೊರಗೆ ಹೋಗಿ. ಅತ್ತೆಯದಾಗಲಿ, ಅಮ್ಮನದಾಗಲಿ, ಮಾವನದಾಗಲಿ. ಕಣ್ಣು ನಿಜಕ್ಕೂ ಕಾಣದಿದ್ದರೆ ಅವರು ತಾವೇ ಆರಿಸಿದ ಒಬ್ಬರ ನೆರವು ಪಡೆಯಬಹುದು. ಯಾರು ಅಂತ ಆರಿಸುವವರು ಅವರು, ನಾವಲ್ಲ. ಆಮೇಲೆ ಯಾರಿಗೆ ಹಾಕಿದಿರಿ ಅಂತ ಕೇಳಬೇಡಿ, ನಾನು ಕೇಳಿದ ಹಾಗೆ. ಲಕೋಟೆಯ ಗೋಂದನ್ನು ಸರ್ಕಾರ ನೋಡಿಕೊಳ್ಳುತ್ತದೆ. ಕೋಣೆಯ ಬಾಗಿಲು ನಮ್ಮ ಕೈಯಲ್ಲಿದೆ.

ಅಜ್ಜಿಗೆ ಈಗ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಹೋದ ಸಲ ಊರಿಗೆ ಹೋದಾಗ ಜೋರಾಗಿ, "ಮುಂದಿನ ಸಲನೂ ಮನೀಗೇ ಬರ್ತಾರ ಅಜ್ಜಿ" ಅಂದೆ. "ಬರ್ಲಿ. ಆ ಟೀಚರ್ ಬಾಯಿನ ಬರ್ಲಿ" ಅಂದಳು.

 ಚಹಾದ ಹೊತ್ತಿಗೆ ನಮೂನೆ 8 ತುಂಬುವುದನ್ನು ತೋರಿಸುತ್ತೇನೆ, ಲ್ಯಾಪ್‌ಟಾಪ್ ತಂದಿದ್ದೇನೆ. ಓಟಿಪಿ ಮಾತ್ರ ನೀವೇ ಹಾಕಿ, ನನಗೂ ಹೇಳಬೇಡಿ.